ಬೇಲಿಯಾಚೆಗೆ ಕೇಳುವಂತೆ

ಮದುವೆಯಾದ ಹೊಸದರಲ್ಲಿ ಗಂಗಾ ಮೊದಲ ಸಲ ಹೊರಗಾದಾಗ, ಚಾಪೆ ಕಂಬಳಿ ಎತ್ತಿಕೊಂಡು ಹಟ್ಟಿಯ ಮುಳ್ಳುಬೇಲಿ ದಾಟುತ್ತಾ ನಕ್ಕಳು. ಆ ನಗು ಜುಂಜೇಶನಿಗೆ ಚುಚ್ಚಿತು. ಗಂಡನಿಂದ ನಾಲ್ಕು ದಿನ ಬಿಡುಗಡೆ ಸಿಕ್ಕಿತೆಂದು ಇವಳಿಗೆ ಇಷ್ಟು ಖುಷಿಯೇ ಅಂದುಕೊಂಡ.

ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡಿ, ಹೊಳಲ್ಕೆರೆಯ ಬಾಡಿಗೆ ಲೈಬ್ರರಿಯಿಂದ ತಂದ ಕಾದಂಬರಿ ಹಿಡಿದು ಬೇಲಿಯ ಈಚೆಗಿನ ಬಂಡೆಯ ಮೇಲೆ ಕುಳಿತ. ನೀನಿಲ್ಲದಿದ್ದರೂ ನನಗೇನೂ ಕೊರತೆಯಿಲ್ಲ ಎಂದು ತೋರಿಸಬೇಕಿತ್ತು. ಆಚೆ, ಹೊರಗಾದವರಿಗೆಂದೇ ಕಟ್ಟಿದ ಸೋಗೆಯ ಗುಡ್ಲಿನ ಬಾಗಿಲಲ್ಲಿ ಮೊಣಕಾಲಿಗೆ ಗದ್ದ ಊರಿ ಕುಳಿತಿದ್ದ ಗಂಗಾ ಅವನನ್ನೇ ನೋಡುತ್ತಿದ್ದಳು. ಅವನು ತಲೆ ಎತ್ತಿದರೆ ಮೋಡ ನೋಡುತ್ತಿದ್ದಳು.

“ಬಾಯಿ ಬಿಟ್ಟು ಓದು ಮಾವ,” ಅಂದಳು ಕೊನೆಗೆ. “ಮನೇಲಿ ಅತ್ತೆ ಮುಂದೆ ನಿನ್ ಕೂಡೆ ಮಾತಾಡಾಕೆ ನಾಚ್ಕೆ ಆಗ್ತೈತೆ. ಇಲ್ಲಿ ಯಾರೂ ಇಲ್ಲ.”

ನಗು ಯಾಕೆಂದು ಅವನಿಗೆ ಆಗ ಗೊತ್ತಾಯಿತು.

ತಾಳ್ಯದ ಬಳಿಯ ಆ ಹಟ್ಟಿಯಲ್ಲಿ ಮುಟ್ಟಾದ ಹೆಂಗಸರು ಬೇಲಿಯ ಹೊರಗಿರಬೇಕು. ಅಲ್ಲಿಗೆ ಹೋದ ವಸ್ತು ತೊಳೆಯದೆ ಒಳಗೆ ಬರುವಂತಿಲ್ಲ. ಲೈಬ್ರರಿ ಪುಸ್ತಕವನ್ನು ತೊಳೆಯುವುದು ಹೇಗೆ? ಹಾಗಾಗಿ ಅವನೇ ಓದಬೇಕಾಯಿತು, ಈಚೆ ನಿಂತು, ಗಾಳಿಯನ್ನು ಮೀರಿಸುವಷ್ಟು ಗಟ್ಟಿಯಾಗಿ.

ಭಾಗದ ಮೇಲೆ ಭಾಗ ಬರುತ್ತಲೇ ಇದ್ದ ದೊಡ್ಡ ಕಾದಂಬರಿ ಅದು. ಈ ಕಾಲದ ಒಬ್ಬ ಟೈಪಿಸ್ಟ್ ಹುಡುಗಿ ಕೋಟೆಯ ಹೊಂಡದಲ್ಲಿ ಮುಳುಗಿ ಪಾಳೇಗಾರರ ಕಾಲದಲ್ಲಿ ಏಳುತ್ತಾಳೆ, ಅಲ್ಲೊಬ್ಬ ಕುದುರೆ ಸವಾರನಿಗೆ ಮನಸೋಲುತ್ತಾಳೆ. ಪ್ರತಿ ಭಾಗದ ಕೊನೆಯಲ್ಲಿ ಹೊಂಡ ಅವಳನ್ನು ಮತ್ತೆ ಎಳೆದುಕೊಳ್ಳುತ್ತದೆ. ಸವಾರ ಮೆಟ್ಟಿಲ ಮೇಲೆ ನಿಂತು, ‘ನೀನಿಲ್ಲದೆ ನನಗೆ ಬದುಕಿಲ್ಲ’ ಎಂದು ಕೂಗುತ್ತಾನೆ.

ಆ ಸಾಲನ್ನು ಕುರಿ ಕರೆಯುವ ದನಿಯಲ್ಲಿ ಕೂಗಬೇಕಾಗಿ ಬಂದಾಗ ಜುಂಜೇಶನ ಕಿವಿ ಕೆಂಪಗಾಗುತ್ತಿತ್ತು.

“ಕೇಳಿಸ್ಲಿಲ್ಲ. ಇನ್ನೊಂದ್ ಸಲ,” ಅನ್ನುತ್ತಿದ್ದಳು ಗಂಗಾ.

ಕೇಳಿಸಿರುತ್ತಿತ್ತು. ಅವನಿಗೂ ಅದು ಗೊತ್ತಿತ್ತು. ಆದರೂ ಕೂಗುತ್ತಿದ್ದ.

ತನ್ನನ್ನು ಬಿಟ್ಟು ಮುಂದಿನ ಒಂದು ಪುಟವನ್ನೂ ಓದಬಾರದೆಂದು ಅವನಿಂದ ಹಟ್ಟಿಯ ದೇವರು ಜುಂಜಪ್ಪನ ಮೇಲೆ ಆಣೆ ಮಾಡಿಸಿಕೊಂಡಿದ್ದಳು. ಒಳಗಿದ್ದ ದಿನಗಳಲ್ಲಿ ಓದುವ ಮಾತೇ ಇರಲಿಲ್ಲ. ಅವನು ಕುರಿಗಳ ಹಿಂದೆ, ಅವಳು ಅತ್ತೆಯ ಹಿಂದೆ. ಹೆಂಡತಿಗೆ ಕಥೆ ಓದುವ ಗಂಡನೆಂದರೆ ಹಟ್ಟಿಯೆಲ್ಲ ನಗುತ್ತಿತ್ತು. ಗಂಗಾ ಬಸುರಿಯಾಗಿ ಓದು ನಿಂತಾಗ ಸವಾರ ಅಷ್ಟು ತಿಂಗಳೂ ಕೋಟೆ ಬಾಗಿಲಲ್ಲೇ ನಿಂತಿದ್ದ, ಪಾಪ. ಬಾಣಂತಿಯಾಗಿ ಮಗಳ ಜೊತೆ ಹೊರಗಿದ್ದಾಗ ಅವನ ಕುದುರೆ ಮತ್ತೆ ಓಡಿತು. ಆ ಮಗಳಿಗೆ ಜೋಗುಳವೂ ಅದೇ ಕಥೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗಂಗಾ ಹೊರಗಿರುವ ದಿನಗಳು ಹೆಚ್ಚುತ್ತಾ ಹೋದವು. ವಾರವಾದರೂ ಒಳಗೆ ಬರುತ್ತಿರಲಿಲ್ಲ. ಬಂದರೂ ಬೇಗನೆ ಮತ್ತೆ ಚಾಪೆ ಎತ್ತುತ್ತಿದ್ದಳು. ಜುಂಜೇಶನಿಗೆ ಒಳಗೊಳಗೇ ಸಂತೋಷ. ಓಡೋಡಿ ಹೊಳಲ್ಕೆರೆಗೆ ಹೋಗಿ ಮುಂದಿನ ಭಾಗ ತರುತ್ತಿದ್ದ. ಸಂಜೆ ಬೆಳಕಿನಲ್ಲಿ ಅವಳ ಮುಖ ಬಿಳಿಚಿಕೊಂಡಂತೆ ಕಂಡರೆ, ದೂರದಿಂದ ಹಾಗೆ ಕಾಣುತ್ತದೆ ಅಂದುಕೊಂಡ.

ಒಂದು ದಿನ ಅವಳು ಗುಡ್ಲಿನ ಬಾಗಿಲಲ್ಲೇ ಕುಸಿದಳು. ಆಗ ಅವನು ಬೇಲಿ ಹಾರಿದ. ಮುಳ್ಳು ತರಚಿದ್ದು ಚಿತ್ರದುರ್ಗದ ಆಸ್ಪತ್ರೆ ಸೇರುವವರೆಗೂ ಅವನಿಗೆ ತಿಳಿಯಲಿಲ್ಲ.

ಗರ್ಭಕೋಶ ತೆಗೆದರು. ಆದರೆ ಕ್ಯಾನ್ಸರ್ ಗಡ್ಡೆ ಆಗಲೇ ಬೇರೆ ಕಡೆಗೂ ಹರಡಿತ್ತು. ಊರಿನ ನರ್ಸಮ್ಮ ಆಪರೇಷನ್ ಮಾಡಿಸಿಕೋ ಎಂದು ಬಹಳ ಹಿಂದೆಯೇ ಹೇಳಿದ್ದಳಂತೆ. ಕಥೆ ಮುಗಿಯಲಿ, ಆಮೇಲೆ ಬರುತ್ತೇನೆ ಎಂದು ಗಂಗಾ ಮುಂದೂಡಿದ್ದಳಂತೆ. ಇದನ್ನು ಕೇಳಿ ಜುಂಜೇಶ ಹಾಸಿಗೆಯ ಪಕ್ಕದಲ್ಲಿ ಕುಳಿತುಬಿಟ್ಟ.

“ಯಾಕ್ ಹಿಂಗ್ ಮಾಡ್ದೆ?”

“ತೆಗೆಸಿದ್ರೆ ಹೊರಗ್ ಕೂರಂಗಿಲ್ಲ. ಹೊರಗ್ ಕೂರ್ದಿದ್ರೆ ನೀನು ಯಾವಾಗ್ ಓದ್ತಿದ್ದೆ?”

“ಮನೇಲೇ ಓದ್ತಿದ್ದೆ.”

“ಓದ್ತಿರ್ಲಿಲ್ಲ ಮಾವ,” ಅಂದಳು, ಒಂದಿಷ್ಟೂ ಕೋಪವಿಲ್ಲದೆ.

ಅವಳು ಹೇಳಿದ್ದು ನಿಜವಾಗಿತ್ತು.

ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಹಟ್ಟಿಗೆ ಬಂದ ಮೇಲೆ ಕೊನೆಯ ಭಾಗ ತಂದು, ತಾಯಿ ನಿಂಗಕ್ಕನ ಎದುರಿಗೇ, ಹೆಂಡತಿಯ ತಲೆದೆಸೆಯಲ್ಲಿ ಕುಳಿತು ಓದತೊಡಗಿದ. ಯಾರೂ ನಗಲಿಲ್ಲ. ಆದರೆ ದನಿಯೇ ಹೊರಡಲೊಲ್ಲದು. ಇಷ್ಟು ವರ್ಷ ಕೂಗಿದವನಿಗೆ ಪಿಸುಮಾತು ಬರಲಿಲ್ಲ.

ಗಂಗಾ ಅವನ ಕೈ ಹಿಡಿದು, ತನ್ನನ್ನು ಗುಡ್ಲಿಗೆ ಕರೆದೊಯ್ಯಲು ಕೇಳಿದಳು. ಇನ್ನು ಅಲ್ಲಿಗೆ ಹೋಗಲು ಅವಳಿಗೆ ಯಾವ ಕಾರಣವೂ ಇರಲಿಲ್ಲ. ಜುಂಜೇಶ ತಾಯಿಯ ಮುಖ ನೋಡಿದ. ಜೀವಮಾನದಲ್ಲಿ ಆಚಾರ ಮೀರದ ನಿಂಗಕ್ಕ ಪೊರಕೆ ಹಿಡಿದು ಹೋಗಿ, ಗುಡ್ಲು ಗುಡಿಸಿ, ಮನೆಯ ಹೊಸ ಕಂಬಳಿಯನ್ನೇ ಹಾಸಿ ಬಂದಳು. ಬಂದವಳು ಸ್ನಾನವನ್ನೂ ಮಾಡಲಿಲ್ಲ.

ಅವನು ಗಂಗಾಳನ್ನು ಎತ್ತಿಕೊಂಡು ಹೋಗಿ ಗುಡ್ಲಿನ ಬಾಗಿಲಿಗೆ ಒರಗಿಸಿ ಕೂರಿಸಿದ. ಈಗ ಅವಳನ್ನು ಮುಟ್ಟಲು ತಡೆಯಿರಲಿಲ್ಲ. ಪಕ್ಕದಲ್ಲೇ ಕೂರಲು ಹೋದ.

“ಇಲ್ಲಿ ಬ್ಯಾಡ. ನಿನ್ ಜಾಗಕ್ಕೆ ಹೋಗು.”

ಬೇಲಿ ದಾಟಿ ಬಂದು ಬಂಡೆಯ ಮೇಲೆ ನಿಂತ. ಇಳಿಬಿಸಿಲಿನಲ್ಲಿ ಪುಟ ತಿರುವಿದ. ಕಥೆಯಲ್ಲಿ ಹೊಂಡ ಬತ್ತುತ್ತಾ ಬಂದಿತ್ತು, ಹುಡುಗಿ ಕೊನೆಯ ಸಲ ನೀರಿಗಿಳಿಯುತ್ತಾಳೆ. ಸವಾರ ಮೆಟ್ಟಿಲ ಮೇಲೆ ನಿಂತಿರುತ್ತಾನೆ. ನೀರು ಅವಳ ಕತ್ತಿನವರೆಗೆ ಬರುತ್ತದೆ. ಪುಸ್ತಕ ಅಲ್ಲಿಗೆ ಮುಗಿದುಹೋಯಿತು.

“ಅವ್ನು ಏನೂ ಅನ್ಲಿಲ್ವಾ?” ಅವಳ ದನಿ ಸಣ್ಣಗೆ ಬಂತು.

ಇಲ್ಲ ಎಂದು ತಲೆಯಾಡಿಸಿ ಅವನು ಪುಸ್ತಕ ಮುಚ್ಚಿದ. ಆಮೇಲೆ ಹಟ್ಟಿಯ ಮನೆಗಳವರು ಹೊರಗೆ ಬಂದು ನೋಡುವಷ್ಟು ಜೋರಾಗಿ ಕೂಗಿದ.

“ನೀನಿಲ್ದೆ ನಂಗೆ ಬದುಕಿಲ್ಲ ಗಂಗಾ!”

ಇನ್ನೊಂದು ಸಲ ಕೂಗಲು ಉಸಿರೆಳೆದುಕೊಂಡು ಕಾದ. ಗಂಗಾ ಮೋಡ ನೋಡಲಿಲ್ಲ. ಅವನನ್ನೇ ನೋಡುತ್ತಾ ನಕ್ಕಳು, ಮೊದಲ ದಿನದ ಅದೇ ನಗು.

“ಕೇಳಿಸ್ತು ಮಾವ.”

ಜುಂಜೇಶನ ಕೈಯಿಂದ ಪುಸ್ತಕ ಜಾರಿತು.

“ಕೇಳಿಸ್ಲಿಲ್ಲ ಅನ್ನು,” ಎಂದು ಬೇಡಿಕೊಂಡ. “ಗಂಗಾ, ಕೇಳಿಸ್ಲಿಲ್ಲ ಅನ್ನು.”