ಮೊದಲ ಹನಿ ಮಣಿಕಟ್ಟಿನ ಮೇಲೆ

"ನಲ್ಲಿ ಕೆಳಗಿಂದ ಕೈ ತೆಗೀಬೇಡಿ. ಇಪ್ಪತ್ತು ನಿಮಿಷ ಆಗ್ಲಿ."

ಸುಟ್ಟಗಾಯಗಳ ವಾರ್ಡಿನ ನರ್ಸ್ ಅವನಿಗೆ ಹೇಳಿದ ಮೊದಲ ಮಾತು ಇದು. ಮೇಣದಬತ್ತಿ ಮಾಡುವವನು, ಕಾದ ಮೇಣವನ್ನು ಕೈಮೇಲೆ ಚೆಲ್ಲಿಕೊಂಡು ಬಂದಿದ್ದ. ಅವನ ಕೈ ಹಿಡಿದು ನಿಂತವಳಿಗೆ, ಬೆರಳಡಿಯಲ್ಲಿ ಓಡುತ್ತಿರುವ ನಾಡಿ ಅವನದೋ ತನ್ನದೋ ತಿಳಿಯಲಿಲ್ಲ.

"ಸಾಕು, ಆಯ್ತು" ಅಂದಳು.

"ಇನ್ನೊಂದೈದು ನಿಮಿಷ ಇರಲಿ ಸಿಸ್ಟರ್" ಅಂದ ಅವನು.

ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಮದುವೆಯಾಯಿತು. ಅವಳಿಗೆ ಮೂವತ್ತನಾಲ್ಕು, ಅವನಿಗೆ ನಲವತ್ತು.

ಮದುವೆಯಾದ ಏಳನೆಯ ತಿಂಗಳು, ಒಂದು ಬುಧವಾರ, ಒಗೆದ ಬಟ್ಟೆ ಮಡಚುತ್ತಾ ಅವಳೇ ಕೇಳಿದಳು. ದಂಪತಿಗಳು ಏಕಾಂತದಲ್ಲಿ ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಬೆಚ್ಚನೆಯ ಮೇಣದ ಹನಿ ಬೀಳಿಸುತ್ತಾರಂತೆ... ನಾವೂ ಒಂದು ಸಲ...

ಜೊತೆಗೆ ಮಡಚುತ್ತಿದ್ದ ಟವೆಲ್ ಅವನ ಕೈಯಲ್ಲೇ ಉಳಿಯಿತು. "ನೋಡೋಣ" ಅಂದು ಎದ್ದು ಹೋದ.

ಅಂದಿನಿಂದ ಅವನ ಮಾತು ಅರ್ಧಕ್ಕರ್ಧ ಇಳಿಯಿತು. ಕೆಲಸದಿಂದ ತಡವಾಗಿ ಬರುತ್ತಿದ್ದ. ಸೆಖೆಯಲ್ಲೂ ತುಂಬುತೋಳಿನ ಅಂಗಿ. ಅವಳು ಹತ್ತಿರ ಬಂದರೆ ಏನೋ ಹುಡುಕುವವನಂತೆ ಪಕ್ಕಕ್ಕೆ ಸರಿಯುತ್ತಿದ್ದ.

ಯಾಕೆ ಕೇಳಿದೆ ನಾನು? ದಿನಾ ಸುಟ್ಟ ಮೈ ತೊಳೆಯುವವಳಿಗೆ ಇದೆಂಥ ಆಸೆ ಅಂದುಕೊಂಡರೇ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು...

ಅಕ್ಕ ಫೋನ್ ಮಾಡಿ "ಯಾಕೇ, ದನಿ ಸಪ್ಪಗಿದೆ?" ಅಂದರೆ "ನೆಗಡಿ" ಅಂದಳು. ಇದನ್ನು ಯಾರಿಗೆ ಹೇಳಿಕೊಳ್ಳುವುದು?

ಭಾನುವಾರ ಮಧ್ಯಾಹ್ನ ಅವನು ತಟ್ಟೆ ತೊಳೆಯಲು ಅಂಗಿಯ ತೋಳು ಮಡಚಿದ್ದ. ಲೋಟ ಇಡಲು ಬಂದವಳ ಕಣ್ಣಿಗೆ ಮುಂಗೈ ಮೇಲಿನ ಕೆಂಪು ಚುಕ್ಕೆಗಳು ಬಿದ್ದವು. ಏಳು.

"ಏನ್ರೀ ಇದು?"

"ಏನಿಲ್ಲ, ಕೆಲಸದಲ್ಲಿ..."

"ಕೆಲಸದಲ್ಲಿ ಸಿಡಿದ ಮೇಣ ಹೀಗೆ ಸಾಲಾಗಿ ನಿಂತ್ಕೊಳ್ಳಲ್ಲ. ಹತ್ತು ವರ್ಷದಿಂದ ಇದನ್ನೇ ನೋಡ್ತಿದ್ದೀನಿ. ಹೇಳಿ."

ಅವನು ನಲ್ಲಿ ನಿಲ್ಲಿಸಿದ. "ನೀನು ಕೇಳಿದ್ಯಲ್ಲ... ಯಾವ ಮೇಣ ಆಗುತ್ತೆ ಅಂತ ಹಾಕ್ಕೊಂಡು ನೋಡ್ತಿದ್ದೆ. ಜೇನುಮೇಣ ಅಂತ ತೀರ್ಮಾನ ಮಾಡಿದೀನಿ. ಅದೇ ಶುದ್ಧ. ಸ್ವಲ್ಪನೂ ಸುಡಲಿಲ್ಲ."

ನಾಲ್ಕು ದಿನದ ಭಾರ ಎದೆಯಿಂದ ಇಳಿಯುತ್ತಿದ್ದಂತೆಯೇ ಬೇರೊಂದು ಭಯ ಬಂದು ಕೂತಿತು.

"ನಿಮಗೆ ಸುಡಲಿಲ್ಲ, ಚರ್ಮಕ್ಕೆ ಸುಟ್ಟಿದೆ. ಹದಿನೆಂಟು ವರ್ಷ ಮೇಣದಲ್ಲಿ ಅದ್ದಿದ ಕೈರೀ ಇದು. ಬಿಸಿ ಗೊತ್ತಾಗೋದೇ ನಿಂತುಹೋಗಿದೆ. ಜೇನುಮೇಣ ಕರಗೋಕೆ ಎಷ್ಟು ಬಿಸಿ ಬೇಕು ಅಂತ ನಾನು ಹೇಳಿಕೊಡಬೇಕಾ? ಈ ಕೈ ನಂಬಿ ನನ್ನ ಬೆನ್ನಿಗೆ ಹಾಕಿದ್ರೆ, ನನ್ನ ವಾರ್ಡಲ್ಲೇ ನನಗೊಂದು ಮಂಚ."

ಅವನ ಮುಖ ಬಿಳಿಚಿತು. "ಬೇಡ ಬಿಡು ಹಾಗಾದ್ರೆ."

"ಬೇಡ ಅಂದ್ನಾ ನಾನು?" ಮಾತು ಬಾಯಿಂದ ಜಾರಿದ ಮೇಲೆ ಅವಳ ಕಿವಿ ಕೆಂಪಾಯಿತು.

ಅವನು ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದ.

"ಸೋಯಾ ಮೇಣ ಕಡಿಮೆ ಬಿಸಿಗೇ ಕರಗುತ್ತೆ" ಅಂದ ಅವನು, ಮೆಲ್ಲಗೆ. "ಬಣ್ಣ, ಸುವಾಸನೆ ಹಾಕದೇ ಇರೋದು ಇದೆ."

"ಅದು ಸರಿ. ಮೊಳದಷ್ಟು ಮೇಲಿಂದ ಬಿಡಬೇಕು, ಹನಿ ದಾರೀಲೇ ಒಂದಿಷ್ಟು ಆರುತ್ತೆ. ಚರ್ಮಕ್ಕೆ ಮೊದಲು ತೆಳ್ಳಗೆ ಎಣ್ಣೆ, ಇಲ್ಲಾಂದ್ರೆ ಕೀಳುವಾಗ ಜೀವ ಹೋಗುತ್ತೆ. ಮುಖ, ಕತ್ತು ಬೇಡವೇ ಬೇಡ. ಪಕ್ಕದಲ್ಲಿ ಒಂದು ಬಕೆಟ್ ತಣ್ಣೀರು."

"ಐಸ್?"

"ಐಸ್ ಇಟ್ರೆ ಗಾಯ ಇನ್ನೂ ಕೆಡುತ್ತೆ. ಮತ್ತೆ... ಸಾಕು ಅಂದ್ರೆ ಸಾಕು. ಇನ್ನೊಂದೇ ಇನ್ನೊಂದು ಅಂತ ಚೌಕಾಸಿ ಇಲ್ಲ."

"ಪರೀಕ್ಷೆ ಇದೆಯಾ ಸಿಸ್ಟರ್?"

"ಹೆಂಡತೀನ ಸಿಸ್ಟರ್ ಅಂದ್ರೆ ಫೇಲು."

ಅವಳಿಗೆ ನಗು ಬಂತು. ಅಂದು ರಾತ್ರಿ ಅವನು ಸೋಯಾ ಬತ್ತಿ ಹಚ್ಚಿದ. ಅವಳು ಕಿಟಕಿಯ ಪರದೆಯನ್ನು ಬತ್ತಿಯಿಂದ ದೂರ ಕಟ್ಟಿದಳು. ಬಾಗಿಲ ಚಿಲಕ ಎರಡು ಸಲ ನೋಡಿದಳು. ಎಣ್ಣೆ ಸವರಿದ ಮಣಿಕಟ್ಟಿನ ಒಳಭಾಗವನ್ನು ಚಾಚಿದಳು. "ಮೊದಲು ಇಲ್ಲಿ. ನಾನು ಹೂಂ ಅಂದ ಮೇಲೇ ಬೆನ್ನು."

ಸಾವಿರಾರು ಬತ್ತಿ ಎರೆದವನು ಮೊಳದಷ್ಟು ಮೇಲಿಂದ ಬತ್ತಿಯನ್ನು ಬಾಗಿಸಿದ. ಒಂದು ಹನಿ ಬಿತ್ತು.

"ಸುಡ್ತಾ?"

"ಇಲ್ಲ... ಬೆಚ್ಚಗಿದೆ."

"ಮತ್ತೆ ಕಣ್ಣಲ್ಲಿ ನೀರ್ಯಾಕೆ?"

"ನಾಲ್ಕು ದಿನ ಸರಿಯಾಗಿ ಮಾತಾಡ್ಲಿಲ್ಲ ನೀವು. ನನ್ನ ಮೇಲೆ ಅಸಹ್ಯ ಬಂತು ಅಂದ್ಕೊಂಡೆ."

ಅವನು ಬತ್ತಿಯನ್ನು ತಟ್ಟೆಯಲ್ಲಿಟ್ಟು ಅವಳ ಎದುರು ಕೂತ. "ಹೆದರಿಕೆ ಕಣೇ. ನನ್ನ ಕೈಯಿಂದ ನಿನಗೆ ನೋವಾದ್ರೆ ಅಂತ."

"ಅದನ್ನ ಹೇಳೋಕೇನಾಗಿತ್ತು?"

"ಹೇಳಿದ್ರೆ ಬೇಡ ಬಿಡಿ ಅಂದುಬಿಡ್ತಿದ್ದೆ ನೀನು. ನನಗೂ ಬೇಕಿತ್ತು."

ಅವಳು ಹೂಂ ಅಂದಳು. ಆಮೇಲೆ ಕೂದಲನ್ನು ಎತ್ತಿ ಗಂಟು ಹಾಕಿಕೊಂಡು, ಅವನಿಗೆ ಬೆನ್ನು ಮಾಡಿ ಕೂತಳು.

"ಹೇಳ್ತಾ ಇರ್ತೀಯಲ್ಲ, ಹೇಗಿದೆ ಅಂತ?"

"ಹೇಳ್ತೀನಿ" ಅಂದಳು. "ನೀವೂ ಹೇಳಿ."