ಸಾಲಿನಲ್ಲಿ ನೂರ ಹತ್ತೊಂಬತ್ತನೆಯವಳು

೧೪ನೇ ತಾರೀಖು ಬುಧವಾರ ಬೆಳಿಗ್ಗೆ ೧೦.೨೦ಕ್ಕೆ ಹಿಟ್ಟಿನ ಗಿರಣಿಯವನು ಠಾಣೆಗೆ ಬಂದು ಲಿಖಿತ ದೂರು ಕೊಟ್ಟ. ಹಿಂದಿನ ದಿನ ಪಂಚಾಯ್ತಿ ಚುನಾವಣೆಯ ಎಣಿಕೆ ಮುಗಿದಿತ್ತು. ಅವನ ಕಡೆಯ ಅಭ್ಯರ್ಥಿ ಒಂದೇ ಮತದಿಂದ ಸೋತಿದ್ದ: ೩೦೬, ೩೦೫. ಆರು ವರ್ಷದ ಹಿಂದೆ ಊರು ಬಿಟ್ಟು ಹೋದ ಹೆಂಗಸೊಬ್ಬಳು ಬಂದು ಮತ ಹಾಕಿದ್ದಾಳೆ, ಗಂಡನಿರುವ ಊರಿನಲ್ಲೂ ಹಾಕಿರಬೇಕು ಎಂಬುದು ದೂರು.

ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದರು.

“ಮತಗಟ್ಟೇಲಿ ಏಜೆಂಟಾಗಿ ನೀವೇ ಕೂತಿದ್ರಾ?”

“ಹೌದು ಸಾರ್.”

“ಅವಳನ್ನ ನೋಡಿದ್ರಾ?”

“ನೋಡ್ದೆ.”

“ಆಗಲೇ ಯಾಕೆ ಆಕ್ಷೇಪಣೆ ಎತ್ತಲಿಲ್ಲ?”

ಗಿರಣಿಯವನು ಕೈಗೆ ಅಂಟಿದ್ದ ಹಿಟ್ಟನ್ನು ಉಜ್ಜಿಕೊಂಡ. “ಅವಳ ತವರು ಕೆಳಗಿನ ಬೀದಿ ಸಾರ್. ಆ ಬೀದಿ ಅಷ್ಟೂ ನಮ್ದೇ. ಬರೋ ವೋಟನ್ನ ನಾನೇ ಯಾಕೆ ಕೆಡಿಸ್ಕೊಳ್ಳಲಿ ಅಂತ.”

“ಸೋತ ಮೇಲೆ ಕಣ್ಣು ಬಂತು ನೋಡಿ ಸಾರ್,” ಎಂದ ಹಿಂದೆ ನಿಂತಿದ್ದ ಮುಖ್ಯಪೇದೆ.

೧೧.೦೫ಕ್ಕೆ ಎಫ್‌ಐಆರ್ ದಾಖಲಾಯಿತು.

ಊರಿಗೆ ಇದ್ದದ್ದು ಎರಡೇ ಬೀದಿ, ಬೀದಿಗೊಂದು ಪಕ್ಷ. ಯಾವ ಮನೆಯ ಮತ ಯಾರಿಗೆ ಎಂಬುದನ್ನು ಬಾಗಿಲು ನೋಡಿಯೇ ಹೇಳಬಹುದಿತ್ತು. ಎದುರು ಪಕ್ಷದ ಏಜೆಂಟ್ ಮೇಲಿನ ಬೀದಿಯ ದರ್ಜಿ. ಅವನೂ ಅವಳನ್ನು ನೋಡಿದ್ದ, ಸುಮ್ಮನಿದ್ದ.

“ಅವಳು ಕಟ್ಕೊಂಡಿದ್ದು ನಮ್ಮ ಬೀದಿ ಹುಡುಗನ್ನ ಸಾರ್. ಓಡಿಹೋದ ದಿನಾನೇ ಆ ವೋಟು ನಮ್ಮದಾಯ್ತು ಅಂದ್ಕೊಂಡೆ.”

“ಅದಕ್ಕೇ ಪಟ್ಟಿಯಿಂದ ಹೆಸರು ತೆಗೆಸಲಿಲ್ವಾ?”

“ಅವರೂ ತೆಗೆಸಲಿಲ್ಲವಲ್ಲ,” ಎಂದು ದರ್ಜಿ ಹೊಲಿಗೆ ಮುಂದುವರಿಸಿದ.

ಮಧ್ಯಾಹ್ನ, ಬೆರಳಿಗೆ ಶಾಯಿ ಹಚ್ಚಿದ್ದ ಗುಮಾಸ್ತನ ಹೇಳಿಕೆ ಪಡೆದರು. ಅವಳ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಚಾಕು ತಗುಲಿದೆ ಎಂದಿದ್ದಳು. ಅವನು ಪಕ್ಕದ ಬೆರಳಿಗೆ ಹಚ್ಚಿ ಕಳಿಸಿದ್ದ. ಇಲ್ಲಿ ಮತದಾನ ನಡೆದದ್ದು ೧೧ನೇ ತಾರೀಖು; ಗಂಡನ ಊರಿನಲ್ಲಿ ಅದಕ್ಕೆ ಒಂದು ವಾರ ಮೊದಲು, ೪ನೇ ತಾರೀಖು. ಅಲ್ಲಿನ ಪಟ್ಟಿಯಲ್ಲೂ ಅವಳ ಸಹಿ ಇತ್ತು.

೩.೩೦ಕ್ಕೆ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮಾಡಿ ಮತಗಟ್ಟೆಯ ರಿಜಿಸ್ಟರನ್ನು ವಶಪಡಿಸಿಕೊಂಡರು. ಅವಳದು ೧೧೯ನೇ ಸಂಖ್ಯೆ. ಅದರ ಮೇಲಿನ ೧೧೮ರಲ್ಲಿ ಹೆಬ್ಬೆಟ್ಟು.

“ಅವಳ ತಾಯಿದು ಸಾರ್,” ಎಂದಳು ಮಹಿಳಾ ಪೇದೆ. “ಆದರೆ ಆಯಮ್ಮನ ಜೊತೇಲಿ ಬಂದ ಪಕ್ಕದ ಮನೆಯವರು ನಲವತ್ತೊಂದನೆಯವರು.”

ಪಕ್ಕದ ಮನೆಯವಳು ನಗುತ್ತಲೇ ಹೇಳಿದಳು. “ಬಾಗಿಲ ತನಕ ಹೋಗೋಳು, ಮತ್ತೆ ವಾಪಸ್ ಬಂದು ಕೊನೇಲಿ ನಿಲ್ಲೋಳು. ಎರಡು ಸಲ! ಅಜ್ಜಿಗೆ ಅರಳುಮರಳು ಅಂತ ನಾವು ನಗಾಡಿದ್ವಿ.”

“ಮೂರನೇ ಸಲ?”

“ಒಂಬತ್ತೂ ನಲವತ್ತರ ಬಸ್ಸು ಬಂತು. ಆಮೇಲೆ ವಾಪಸ್ ಬರಲಿಲ್ಲ.” ಅವಳ ನಗು ನಿಂತಿತು. “ಹೋದ ಚುನಾವಣೇಲೂ ಹೀಗೇ ಮಾಡಿದ್ಲು ಸಾರ್. ಸಂಜೆ ಬಾಗಿಲು ಹಾಕೋ ತನಕ.”

ತಾಯಿ ಪಡಸಾಲೆಯಲ್ಲಿ ಕಾಳು ಆರಿಸುತ್ತಿದ್ದರು. ಹಿರಿಯ ಮಗ ಬಾಗಿಲಿಗೆ ಅಡ್ಡ ನಿಂತಿದ್ದ.

“ಸಾಲಲ್ಲಿ ನಿಮ್ಮ ಹಿಂದೆ ಯಾರಿದ್ರಮ್ಮ?”

ಅವರು ಮಗನತ್ತ ನೋಡಿದರು. “ತಿರುಗಿ ನೋಡಲಿಲ್ಲಪ್ಪ.”

೧೫ನೇ ತಾರೀಖು ಬೆಳಿಗ್ಗೆ ೯.೩೦. ಗಂಡನ ಊರಿನ ಹೊರಗೆ ತರಕಾರಿ ಸಸಿ ಬೆಳೆಸುವ ನರ್ಸರಿ. ಅವಳು ಸಸಿ ತಟ್ಟೆಗಳಿಗೆ ಮಣ್ಣು ತುಂಬುತ್ತಿದ್ದಳು. ಕೈ ತೊಳೆಯಲು ಹೇಳಿದರು. ಎರಡು ಬೆರಳಲ್ಲೂ ಶಾಯಿ ಇತ್ತು.

“ಎರಡು ಕಡೆ ಹಾಕಿದ್ಯಾ?”

“ಹಾಕಿದೆ.”

“ಯಾರು ಕರೆಸಿದ್ರು?”

“ಯಾರೂ ಇಲ್ಲ ಸಾರ್. ಅಣ್ಣ ಮನೆ ಮೆಟ್ಟಿಲು ಹತ್ತಬೇಡ ಅಂದಿದಾನೆ. ಸಾಲು ಸರ್ಕಾರದ್ದು. ಅಲ್ಲಿ ನಿಲ್ಲಬೇಡ ಅನ್ನೋಕಾಗಲ್ಲ.”

“ಅಮ್ಮ ಮಾತಾಡಿದ್ರಾ?”

“ತಿರುಗಿ ಸಹ ನೋಡಲಿಲ್ಲ. ಐವತ್ತು ನಿಮಿಷ ಬೆನ್ನು ನೋಡ್ಕೊಂಡು ನಿಂತಿದ್ದೆ. ಜಡೆ ಇಷ್ಟೇ ಇಷ್ಟು ಆಗೋಗಿದೆ.” ಕಿರುಬೆರಳು ತೋರಿಸಿದಳು. “ಸಾರ್, ಆ ಮನೆ ಪಟ್ಟಿಯಿಂದ ನನ್ನ ಹೆಸರು ತೆಗೀತಾರಾ?”

“ತೆಗೀತಾರೆ.”

ಶಿಕ್ಷೆ ಎಷ್ಟು ಎಂದು ಅವಳು ಕೇಳಲಿಲ್ಲ.

ಇನ್ಸ್‌ಪೆಕ್ಟರ್ ಡೈರಿ ಮುಚ್ಚಿದರು. “ನಿಮ್ಮಮ್ಮ ಬೆಳಿಗ್ಗೆ ಏಳಕ್ಕೇ ಬಂದಿದ್ರು. ಬಾಗಿಲ ತನಕ ಹೋಗಿ ಎರಡು ಸಲ ವಾಪಸ್ ಬಂದು ಕೊನೇಲಿ ನಿಂತ್ರು. ನಿನ್ನ ಬಸ್ಸು ಬರೋ ತನಕ.”

ಅವಳು ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಕೂತಳು. ಮಹಿಳಾ ಪೇದೆ ಕಾದಳು. ೧೦.೧೫ಕ್ಕೆ ಬಂಧನದ ಹಾಳೆಗೆ ಸಹಿ ಹಾಕುವಾಗ ಅವಳು ಮತ್ತೆ ಬಾಯಿ ತೆರೆದಳು.

“ಹೋದ ಸಲಾನೂ ನಿಂತಿದ್ರಾ?”

“ಸಂಜೆ ತನಕ.”

“ಹೋದ ಸಲ ನಾನು ಬಂದಿರಲಿಲ್ಲ,” ಎಂದಳು.

ಮತ ಯಾರಿಗೆ ಎಂದು ಕೇಳಲು ಕಾನೂನಿನಲ್ಲಿ ಅವಕಾಶವಿಲ್ಲ. ಇನ್ಸ್‌ಪೆಕ್ಟರ್ ಕೇಳಲಿಲ್ಲ. ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ ಹೀಗೆ ಬರೆದರು: ರಾಜಕೀಯವಲ್ಲ. ಆರೋಪಿಗೆ ತಾಯಿಯ ಹತ್ತಿರ ನಿಲ್ಲಲು ಬೇರೆ ಜಾಗವಿರಲಿಲ್ಲ.