ಬೀಗ ಹಾಕಿದ ಮೇಲೂ ಬೆಳಕು

ಚಟ್ ಎಂದು ಸಣ್ಣದೊಂದು ಸದ್ದು. ರಾತ್ರಿ ಹತ್ತು ದಾಟಿತ್ತು. ಗೊರಗುಂಟೆಪಾಳ್ಯದ ಲಾರಿಗಳ ಗದ್ದಲದ ನಡುವೆಯೂ ಕಾರ್ಖಾನೆಯೊಳಗಿದ್ದ ವಂದನಾಳ ಕಿವಿ ಅದನ್ನು ಹಿಡಿಯಿತು. ಸದ್ದು ಬಂದದ್ದು ಅವಳೆದುರಿನ ಕಂಟ್ರೋಲ್ ಪ್ಯಾನೆಲ್‌ನ ಒಳಗಿನಿಂದ. ಅದರ ಪಕ್ಕದಲ್ಲಿದ್ದ ಮೇನ್ ಸ್ವಿಚ್ಚಿನ ಹಿಡಿಯನ್ನು ಅವಳೇ ಆಫ್‌ಗೆ ತಂದು, ಯಾರೂ ಮತ್ತೆ ಆನ್ ಮಾಡದಂತೆ ತನ್ನ ಕೆಂಪು ಬೀಗ ಹಾಕಿದ್ದಳು. ಒಳಗೆ ಸದ್ದಾಗಲು ಏನೂ ಉಳಿದಿರಬಾರದು.

ಆ ಸ್ವಿಚ್ಚನ್ನು ಆಯ್ಕೆ ಮಾಡಿದ್ದೂ ಅವಳೇ. ಓಡುವ ಮೋಟಾರಿನ ಪೂರ್ತಿ ಕರೆಂಟನ್ನು ಕಡಿಯುವಂತಿರಬೇಕು, ಒಳಗೆ ಸಂಪರ್ಕ ನಿಜಕ್ಕೂ ಬೇರ್ಪಟ್ಟರೆ ಮಾತ್ರ ಹಿಡಿ ಆಫ್‌ಗೆ ಬರಬೇಕು, ಆನ್ ಇದ್ದಾಗ ಪ್ಯಾನೆಲ್‌ನ ಬಾಗಿಲು ತೆರೆಯಬಾರದು ಎಂದು ಕ್ಯಾಟಲಾಗ್ ಹರಡಿಕೊಂಡು ಕುಳಿತಿದ್ದ ದಿನ, ವೈರಿಂಗ್ ನೋಡಿಕೊಳ್ಳುವ ಗುರುಚರಣ್ ಕಾಫಿ ತಂದಿಟ್ಟಿದ್ದ.

"ಹುಡುಗನ್ನ ನೋಡೋಕೂ ಇಷ್ಟೇ ಪ್ರಶ್ನೆ ಕೇಳ್ತೀರಾ?"

"ಇನ್ನೂ ಜಾಸ್ತಿ ಕೇಳ್ತೀನಿ."

"ಪಾಪ ಕಣ್ರೀ ಅವನು," ಎಂದು ಕಪ್ಪಿನ ಅಂಚಿನ ಮೇಲಿಂದ ನೋಡಿದ್ದ. ಆ ನೋಟವನ್ನು ಅವಳು ವಿದ್ಯಾರಣ್ಯಪುರದ ಬಸ್ಸಿನಲ್ಲಿ ಮನೆಯವರೆಗೂ ಕೊಂಡೊಯ್ದಿದ್ದಳು.

"ಬಾಗಿಲು ತೆಗೀರಿ," ಈಗ ಹಿಂದಿನಿಂದ ಅವನೇ ಹೇಳಿದ. ದನಿಯಲ್ಲಿ ತಡೆದ ನಗುವಿತ್ತು.

ತೆಗೆದಳು. ಆಫ್ ಆದ ಪ್ಯಾನೆಲ್‌ನೊಳಗೆ ಪುಟ್ಟ ದೀಪವೊಂದು ಉರಿಯುತ್ತಿತ್ತು.

"ನೀವು ದಿನಾ ಟಾರ್ಚ್ ಬಾಯಲ್ಲಿ ಕಚ್ಕೊಂಡು ಸ್ಕ್ರೂ ಟೈಟ್ ಮಾಡ್ತಿದ್ರಿ. ನೋಡೋಕಾಗ್ಲಿಲ್ಲ. ಮೇನ್ ಸ್ವಿಚ್‌ಗಿಂತ ಮುಂಚೇನೇ ಒಂದು ಲೈನ್ ತಗೊಂಡೆ. ಆಫ್ ಮಾಡಿದ್ರೂ ನಿಮಗೆ ಬೆಳಕಿರುತ್ತೆ."

ಒಂದು ಕ್ಷಣ ಅವಳ ಎದೆ ಹಿಗ್ಗಿತು. ಆಮೇಲೆ ವಾಸನೆ ಬಂತು.

ದೀಪದ ತಂತಿ ಸೇರುವ ಟರ್ಮಿನಲ್ ಮೇಲೆ ಹಲ್ಲಿಯೊಂದು ಅಂಟಿಕೊಂಡಿತ್ತು. ಹೊಟ್ಟೆ ಬಿರಿದು ಕಪ್ಪಾಗಿತ್ತು. ಚಟ್ ಎಂದದ್ದು ಅದೇ. ಬಾಲ ಇನ್ನೂ ಮಿಡಿಯುತ್ತಿತ್ತು. ಕೂದಲು ಸುಟ್ಟಂಥ ನಾತ. ಅವಳು ಮೊದಲು ಬಿಗಿ ಮಾಡಬೇಕಿದ್ದ ಸ್ಕ್ರೂ ಅದರ ಪಕ್ಕದ್ದೇ.

ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಅವನ ಕೈ ಭುಜದತ್ತ ಬಂತು.

"ಮುಟ್ಬೇಡಿ."

ಹಲ್ಲಿಯ ಮೇಲಿನ ಅಸಹ್ಯ ಅವನು ಅಚ್ಚುಕಟ್ಟಾಗಿ ಕಟ್ಟಿದ ತಂತಿಗಳ ಮೇಲೆ, ಅವನ ಬೆರಳುಗಳ ಮೇಲೆ ಹರಿಯಿತು. ಆ ದಿನದ ಕಾಫಿಯೂ ನಾಲಿಗೆಯಲ್ಲಿ ಜಿಡ್ಡಾಯಿತು.

"ಬೀಗ ನಂದು, ಕೀ ನನ್ ಹತ್ರ ಇದೆ. ಅದನ್ನ ನಂಬಿ ಕೈ ಹಾಕ್ತಿದ್ದೆ. ಒಂದು ಎಚ್ಚರಿಕೆ ಬೋರ್ಡ್ ಇಲ್ಲ, ಟರ್ಮಿನಲ್‌ಗೆ ಮುಚ್ಚಳ ಇಲ್ಲ. ಬೇರೆ ಪ್ಯಾನೆಲ್‌ಗೂ ಹಾಕಿದೀರಾ?"

"ಇಲ್ಲ, ಇದೊಂದಕ್ಕೇ. ನೀವು ಕೈ ಹಾಕೋದು ಇದಕ್ಕೆ ಅಂತ."

ಹೇಳಿದ ಮೇಲೆ ಅವನಿಗೇ ತನ್ನ ಮಾತಿನ ಅರ್ಥ ಹೊಳೆಯಿತು. ಸ್ಟೂಲಿನ ಮೇಲೆ ಕುಸಿದ.

"ನೀವಂದ್ರೆ ನಂಗಿಷ್ಟ. ಈ ಲೈಟ್ ತೋರಿಸಿ ಅದನ್ನ ಹೇಳೋಣ ಅಂತಿದ್ದೆ."

"ಈ ವಾಸನೇಲಿ ಹೇಳ್ಬೇಡಿ."

ಅವಳು ಗೋಡೆಯ ಸ್ವಿಚ್ ಬೋರ್ಡಿನಲ್ಲೇ ಇಡೀ ಸಪ್ಲೈ ತೆಗೆದಳು. ಟೆಸ್ಟರ್ ಇಟ್ಟು ನೋಡಿದ ಮೇಲೆ ಅವನು ತಂತಿ ಬಿಚ್ಚಿದ. ರಟ್ಟಿನ ಚೂರಿನಿಂದ ಹಲ್ಲಿಯನ್ನು ಕೆರೆದು ತೆಗೆಯುವಾಗ ಅವನೂ ಓಕರಿಸಿದ. ಅದು ಯಾಕೋ ಅವಳಿಗೆ ಸಮಾಧಾನ ತಂದಿತು.

"ಬೆಳಿಗ್ಗೆ ವೆಂಕಟೇಶಪ್ಪ ಸರ್‌ಗೆ ನಾನೇ ಹೇಳ್ತೀನಿ," ಎಂದ. ಯಜಮಾನರಿಗೆ ತಿಳಿದರೆ ಅವನ ಕೆಲಸ ಅಲ್ಲಿಗೆ ಮುಗಿಯಿತು. ಅದು ಇಬ್ಬರಿಗೂ ಗೊತ್ತಿತ್ತು.

ಅವಳು ಸ್ವಿಚ್ಚಿನ ಹಿಡಿಯಲ್ಲಿದ್ದ ತನ್ನ ಬೀಗವನ್ನು ನೋಡಿದಳು. ಆಮೇಲೆ ಕೇಳಿದಳು: "ನಿಮಗೆ ಕೊಟ್ಟಿದ್ದ ಬೀಗ ಎಲ್ಲಿ?"

"ಲಾಕರ್‌ಗೆ ಹಾಕ್ಕೊಂಡಿದೀನಿ. ಟಿಫಿನ್ ಕದೀತಾರೆ."

"ತಗೊಂಡ್ಬನ್ನಿ."

ಆ ಹಿಡಿಯಲ್ಲಿ ಮೂರು ಬೀಗಗಳಿಗೆ ಜಾಗವಿತ್ತು. ಅವನು ತನ್ನದನ್ನು ಅವಳದರ ಪಕ್ಕಕ್ಕೆ ಸಿಕ್ಕಿಸಿದ.

"ನನ್ ಕೈ ಒಳಗಿದ್ದಾಗ ನಿಮ್ದೂ ಇಲ್ಲಿರ್ಲಿ. ನಿಮ್ ಕೈ ಒಳಗಿದ್ರೆ ನಂದಿರುತ್ತೆ," ಎಂದಳು.

ಅದು ಒಪ್ಪಿಗೆಯೇ ಎಂದು ಅವನು ಕೇಳಲಿಲ್ಲ. ಬೀಗದ ಮೇಲಿಂದ ಕೈ ತೆಗೆಯಲೂ ಇಲ್ಲ.

ಮನೆಯಲ್ಲಿ ಬಾಗಿಲು ತೆಗೆದ ಅಮ್ಮ ಮೂಗು ಮುಚ್ಚಿಕೊಂಡರು. "ಏನೇ ಇದು ನಾತ?"

"ಪ್ಯಾನೆಲ್‌ದಮ್ಮ."

ತಲೆಗೆ ಸ್ನಾನ ಮಾಡಿದರೂ ವಾಸನೆ ಹೋಗಲಿಲ್ಲ. ಮುಚ್ಚಿಡುವುದೂ ಹೇಸಿಗೆಯ ಕೆಲಸವೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಅವನಿಗೆ ಮೆಸೇಜ್ ಮಾಡಿದಳು: ಸರ್‌ಗೆ ಏನೂ ಹೇಳ್ಬೇಡಿ. ತಾನೂ ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದಳು. ಸರ್‌ಗೂ ಇಲ್ಲ, ಅಮ್ಮನಿಗೂ ಇಲ್ಲ. ಆ ದೀಪ ಕಂಡ ಕ್ಷಣ ಎದೆ ಹಿಗ್ಗಿತ್ತೆಂದು ಅವನಿಗೂ ಇಲ್ಲ.